ಬೆಕ್ಕಿನ ಕೊರಳಿಗೆ ಪಟ್ಟಿ, ಪಟ್ಟಿಗೆ ಬಿಲ್ಲೆ: ಕಟ್ಟುವುದು ಸರಿಯೇ?

ಕೋಡಿಬಾಗದಾಕೆ, ಕಾರವಾರ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಮೂರು ವರ್ಷದ ಹೆಣ್ಣು ಬೆಕ್ಕೊಂದನ್ನು ಸಾಕಿದ್ದೇವೆ. ಬೂದು ಬಣ್ಣದ ಮೈ, ಬಾಲದ ತುದಿ ಮಾತ್ರ ಬಿಳಿ. ಮರಿಯಾಗಿದ್ದಾಗ ಶೆಟ್ಲಿಯ, ಅಂದರೆ ಸಿಗಡಿಯ, ತಲೆ ಕಂಡರೆ ಸಾಕು, ಮೈಮರೆಯುತ್ತಿದ್ದುದರಿಂದ ಶೆಟ್ಲಿ ಎಂದೇ ಹೆಸರಾಯಿತು. ಕಳೆದ ಜುಲೈ ತಿಂಗಳ ಮಳೆಯಲ್ಲಿ ಅದು ಹನ್ನೊಂದು ದಿನ ಮನೆಗೆ ಬರಲಿಲ್ಲ. ರಾತ್ರಿ ಕೊಡೆ, ಟಾರ್ಚ್ ಹಿಡಿದು ಕೇರಿಯ ಗಟಾರಗಳನ್ನೆಲ್ಲ ಇಣುಕಿದ್ದಾಯಿತು, ಮೀನು ಮಾರುವ ಹೆಂಗಸರನ್ನೆಲ್ಲ ಕೇಳಿದ್ದಾಯಿತು. ಕೊನೆಗೆ ಮೂರು ಓಣಿ ಆಚೆಯ ಮನೆಯ ಹಿರಿಯರೊಬ್ಬರು ತಾವಾಗಿಯೇ ಬಂದು ವಿಷಯ ತಿಳಿಸಿದರು. ಅವರ ಅಡುಗೆಮನೆಗೆ ಪದೇ ಪದೇ ನುಗ್ಗುತ್ತಿದ್ದ ಬೆಕ್ಕೊಂದನ್ನು ಮನೆಯ ಹುಡುಗರು ಗೋಣಿಚೀಲದಲ್ಲಿ ತುಂಬಿ, ಕಾಳಿ ಸೇತುವೆ ದಾಟಿಸಿ, ಸದಾಶಿವಗಡದ ಕಡೆ ಬಿಟ್ಟು ಬಂದಿದ್ದರಂತೆ. ಹೊಳೆ ದಾಟಿಸಿದ ಬೆಕ್ಕು ತಿರುಗಿ ಬರುವುದಿಲ್ಲ ಎಂಬ ಲೆಕ್ಕ ನಮ್ಮ ಕಡೆಯವರಿಗೆ ಗೊತ್ತೇ ಇದೆ. ನಾವು ಹೋಗಿ ಹುಡುಕಿದಾಗ ಮುಚ್ಚಿದ ಅಂಗಡಿಯೊಂದರ ತಗಡಿನ ಮಾಡಿನಡಿ, ಅರ್ಧಕ್ಕರ್ಧ ಇಳಿದುಹೋಗಿ, ಕೂತಿತ್ತು. ನಾನು ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಆದರೆ ಆ ಹಿರಿಯರು "ಕೊರಳಲ್ಲಿ ಒಂದು ದಾರವಾದರೂ ಇದ್ದಿದ್ದರೆ ಸಾಕಿದ ಬೆಕ್ಕೆಂದು ತಿಳಿಯುತ್ತಿತ್ತು, ನಿಮಗೇ ಬಂದು ಹೇಳುತ್ತಿದ್ದೆವಲ್ಲ" ಎಂದಾಗ ನನ್ನ ಬಾಯಿ ಕಟ್ಟಿತು.

ಅಂದಿನಿಂದ ಬೆಕ್ಕಿಗೆ ಕೊರಳಪಟ್ಟಿ ಹಾಕಿ, ಫೋನ್ ಸಂಖ್ಯೆ ಕೆತ್ತಿಸಿದ ಬಿಲ್ಲೆಯೊಂದನ್ನು ಅದಕ್ಕೆ ಸೇರಿಸಬೇಕೆಂದಿದ್ದೇನೆ. ಆಯಿ ಒಪ್ಪುತ್ತಿಲ್ಲ. ಬೆಕ್ಕೆಂದರೆ ಮರ ಹತ್ತುವ, ಹಂಚಿನ ಸಂದಿಯಲ್ಲಿ ನುಸುಳುವ ಪ್ರಾಣಿ. ಕೊರಳಿಗೆ ಕಟ್ಟಿದ್ದು ಎಲ್ಲಾದರೂ ಸಿಕ್ಕಿಕೊಂಡರೆ ಅದೇ ನೇಣಾಗುತ್ತದೆ ಎನ್ನುವುದು ಅವರ ವಾದ, ಮತ್ತು ಅದನ್ನು ತಳ್ಳಿಹಾಕುವ ಧೈರ್ಯ ನನಗೂ ಇಲ್ಲ. ಎಂಥ ಪಟ್ಟಿ ತರಬೇಕು, ಬಿಲ್ಲೆಯ ಮೇಲೆ ಏನು ಬರೆಸಬೇಕು, ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಅದನ್ನು ಕಟ್ಟಿಯೇ ಇಡಬಹುದೇ, ಮೈಕ್ರೋಚಿಪ್ ಹಾಕಿಸಿದರೆ ಇದರ ಗೋಜೇ ಬೇಡವೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ತೋಟದಮನೆ, ಶಿರಸಿ

ನಿಮ್ಮ ಆಯಿಯ ಮಾತು ಕೇಳಿ ಎಂದೇ ನಾನು ಹೇಳುವುದು. ಆರು ವರ್ಷದ ಹಿಂದೆ ನನ್ನ ಮಗ ಹುಬ್ಬಳ್ಳಿಯಿಂದ ಬರುವಾಗ ನಮ್ಮ ಮಾಳಬೆಕ್ಕಿಗೆಂದು ಕೆಂಪು ಬಣ್ಣದ, ಇಲಾಸ್ಟಿಕ್ ಇರುವ, ಚಿಕ್ಕ ಗಂಟೆ ತೂಗುವ ಬೆಲ್ಟೊಂದನ್ನು ತಂದು ಕಟ್ಟಿದ್ದ. ಮೂರನೆಯ ದಿನ ಬೆಕ್ಕು ನಾಪತ್ತೆಯಾಯಿತು. ಐದನೆಯ ದಿನ ಸಂಜೆ ಮೂರು ಕಾಲಿನ ಮೇಲೆ ಕುಂಟುತ್ತ ಬಂದು ಬಚ್ಚಲ ಒಲೆಯ ಪಕ್ಕ ಬಿದ್ದುಕೊಂಡಿತು. ಎತ್ತಿ ನೋಡಿದರೆ ಮುಂಗಾಲೊಂದು ಬೆಲ್ಟಿನೊಳಗೆ ತೂರಿ, ಇಲಾಸ್ಟಿಕ್ ಕಂಕುಳಿನ ಚರ್ಮ ಸೀಳಿಕೊಂಡು ಒಳಗಿಳಿದಿತ್ತು, ಹುಳವೂ ಬಿದ್ದಿತ್ತು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಚಿಂತೆ ಮಾಡಿದ್ದವಂತೆ. ನಮ್ಮ ಮನೆಯಲ್ಲಿ ಇಲಿಗಳಿಗೆ ಆ ಶ್ರಮವನ್ನೂ ಕೊಡದೆ ನಾವೇ ಕಟ್ಟಿ ಕೊಟ್ಟಿದ್ದೆವು. ಅಟ್ಟದ ಮೇಲಿನ ಅಡಿಕೆ ಚೀಲಗಳ ಗತಿ ಏನಾಯಿತೆಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ತೋಟ, ಬೆಟ್ಟ, ಹಳ್ಳಗಳಿರುವುದರಿಂದ ಯಾವ ಬೆಕ್ಕು ಯಾರದೆಂದು ಊರಿಗೆಲ್ಲ ಗೊತ್ತಿರುತ್ತದೆ. ಇಲ್ಲಿ ಬೆಕ್ಕು ಕಾಣೆಯಾದರೆ ಅದನ್ನು ಚಿರತೆ ಹೊತ್ತಿರುತ್ತದೆ, ಚಿರತೆಗೆ ಬಿಲ್ಲೆ ಓದಲು ಬರುವುದಿಲ್ಲ.

ನಿವೃತ್ತ ಪಶುವೈದ್ಯ, ಕುಮಟಾ

ತಂಗಿ, ನಿಮ್ಮ ಆಯಿಯ ಭಯವೂ ತೋಟದಮನೆಯವರ ಅನುಭವವೂ ನಿಜವಾದವುಗಳೇ. ಮೂವತ್ತು ವರ್ಷದ ನೌಕರಿಯಲ್ಲಿ ಅಂಥ ಕಂಕುಳಿನ ಗಾಯಗಳನ್ನು ನಾನೂ ಹೊಲಿದಿದ್ದೇನೆ. ಆದರೆ ಆ ಗಾಯ ಆಗುವ ಬಗೆಯನ್ನು ತಿಳಿದರೆ ಅದನ್ನು ತಪ್ಪಿಸುವ ದಾರಿಯೂ ತಿಳಿಯುತ್ತದೆ. ಬೆಕ್ಕು ಕೊರಳಲ್ಲಿರುವುದನ್ನು ಕಿತ್ತುಹಾಕಲು ಮುಂಗಾಲು ಹಾಕಿ ಎಳೆಯುತ್ತದೆ. ಇಲಾಸ್ಟಿಕ್ ಪಟ್ಟಿ ಕಾಲು ಒಳಗೆ ಹೋಗುವಷ್ಟು ಹಿಗ್ಗುತ್ತದೆ, ಹೊರಗೆ ಬರುವಷ್ಟು ಹಿಗ್ಗುವುದಿಲ್ಲ, ಆಮೇಲೆ ಬೆಕ್ಕು ನಡೆದಷ್ಟೂ ಅದು ಕಂಕುಳನ್ನು ಗರಗಸದಂತೆ ಕೊಯ್ಯುತ್ತದೆ. ಸಾಮಾನ್ಯ ಕೊಕ್ಕೆಯ ಪಟ್ಟಿಯನ್ನು ಸಡಿಲ ಕಟ್ಟಿದರೂ ಇದೇ ಪಾಡು, ಕೆಲವೊಮ್ಮೆ ಮೈ ನೆಕ್ಕಿಕೊಳ್ಳುವಾಗ ಕೆಳದವಡೆಯೇ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಿಗಿಯಾಗಿ ಕಟ್ಟಿದರೆ ಆಯಿ ಹೇಳುವ ನೇಣಿನ ಅಪಾಯ.

ಬೆಕ್ಕುಗಳಿಗೆಂದೇ ಮಾಡುವ ಪಟ್ಟಿಯೊಂದಿದೆ. ಅದರ ಕೀಲು ಜೋರಾಗಿ ಜಗ್ಗಿದ ಕೂಡಲೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊಂಬೆಗೋ ಬೇಲಿಗೋ ಸಿಕ್ಕಿ ಬೆಕ್ಕಿನ ಭಾರ ಬಿದ್ದರೆ ಪಟ್ಟಿ ಅಲ್ಲೇ ಉಳಿಯುತ್ತದೆ, ಬೆಕ್ಕು ಕೆಳಗಿಳಿಯುತ್ತದೆ. ನೀವು ತರಬೇಕಾದದ್ದು ಇದನ್ನು ಮಾತ್ರ. ಅಂಗಡಿಯಲ್ಲಿಯೇ ಕೀಲು ಹಾಕಿ ಎರಡೂ ಕೈಯಿಂದ ಒಮ್ಮೆ ಝಾಡಿಸಿ ಎಳೆದು ನೋಡಿ. ನೀವು ಹಲ್ಲು ಕಚ್ಚಿ ಎಳೆಯಬೇಕಾಯಿತೆಂದರೆ ಅದು ನಾಯಿಮರಿಯ ಪಟ್ಟಿ, ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರವಿದ್ದರೂ ಸರಿಯೇ. ಕಟ್ಟಿದ ಮೇಲೆ ಪಟ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಹಿಡಿಸಬೇಕು, ಮೂರನೆಯದು ಹಿಡಿಸಬಾರದು. ಬೆಳೆಯುವ ಮರಿಯಾದರೆ ವಾರಕ್ಕೊಮ್ಮೆ ಈ ಅಳತೆ ನೋಡಲೇಬೇಕು, ಏಕೆಂದರೆ ಮರೆತ ಪಟ್ಟಿಯ ಸುತ್ತ ಚರ್ಮ ಬೆಳೆದು ಮುಚ್ಚಿಕೊಂಡದ್ದನ್ನೂ ನಾನು ನೋಡಿದ್ದೇನೆ.

ಬೆಕ್ಕು ಪಟ್ಟಿಯನ್ನು ಸಹಿಸುವುದೇ ಇಲ್ಲ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 538 ಸಾಕುಬೆಕ್ಕುಗಳಿಗೆ ಬೇರೆ ಬೇರೆ ಬಗೆಯ ಪಟ್ಟಿ ಕಟ್ಟಿ ಆರು ತಿಂಗಳು ಗಮನಿಸಿದರು. 391 ಬೆಕ್ಕುಗಳು ಅಷ್ಟೂ ಕಾಲ ಪಟ್ಟಿ ಧರಿಸಿಕೊಂಡೇ ಇದ್ದವು. ಮುಂಗಾಲೋ ಬಾಯಿಯೋ ಪಟ್ಟಿಗೆ ಸಿಕ್ಕಿಕೊಂಡದ್ದು, ಅಥವಾ ಪಟ್ಟಿ ಬೇರೇನಕ್ಕೋ ಸಿಕ್ಕಿಹಾಕಿಕೊಂಡದ್ದು 18 ಬೆಕ್ಕುಗಳಿಗೆ. ಅಪಾಯ ಸೊನ್ನೆಯೇನೂ ಅಲ್ಲವೆಂದು ಆ 18 ಹೇಳುತ್ತದೆ, ಕೀಲಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಮೈಕ್ರೋಚಿಪ್ ಒಳ್ಳೆಯದು. ಅಕ್ಕಿಕಾಳಿನಷ್ಟು ಗಾತ್ರದ ಆ ಚಿಪ್ಪನ್ನು ಹೆಗಲುಗಳ ನಡುವಿನ ಚರ್ಮದಡಿ ಸೂಜಿಯಿಂದ ಇಡುತ್ತಾರೆ. ಅದರಲ್ಲಿ 15 ಅಂಕಿಗಳ ಸಂಖ್ಯೆ ಮಾತ್ರ ಇರುತ್ತದೆ, ಬ್ಯಾಟರಿ ಇರುವುದಿಲ್ಲ, ಬೆಕ್ಕು ಎಲ್ಲಿದೆಯೆಂದು ಅದು ತೋರಿಸುವುದೂ ಇಲ್ಲ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ 20 ವಾರ ತುಂಬಿದ ಪ್ರತಿಯೊಂದು ಸಾಕುಬೆಕ್ಕಿಗೂ ಅದು ಕಡ್ಡಾಯ. ಆದರೆ ಅಲ್ಲಿ ಓದುವ ಯಂತ್ರ ಕೈಗೆ ಸಿಗುತ್ತದೆ, ಸಂಖ್ಯೆಗೆ ಹೊಂದಿಸಿ ಮಾಲೀಕರನ್ನು ಹುಡುಕುವ ಏರ್ಪಾಡೂ ಇದೆ. ನಿಮ್ಮ ಬೆಕ್ಕನ್ನು ಚೀಲಕ್ಕೆ ತುಂಬಿದ ಹುಡುಗರ ಬಳಿ ಯಂತ್ರವಿರಲಿಲ್ಲ, ಕಣ್ಣಿತ್ತು. ಕೊಟ್ಟಿಗೆಯ ದನದ ಕಿವಿಯಲ್ಲಿ 12 ಅಂಕಿಗಳ ಹಳದಿ ಬಿಲ್ಲೆ ಕಂಡರೆ ಯಾರೂ ಅದನ್ನು ಬಿಡಾಡಿ ಎನ್ನುವುದಿಲ್ಲವಷ್ಟೆ? ಬೆಕ್ಕಿನ ಪಟ್ಟಿ ಮಾಡುವ ಮೊದಲ ಕೆಲಸ ಅದೇ. ಸಾಧ್ಯವಾದರೆ ಎರಡನ್ನೂ ಮಾಡಿಸಿ, ಒಂದೇ ಆಗುವುದಾದರೆ ಬಿಲ್ಲೆಯನ್ನು ಆರಿಸಿ.

ಬಿಲ್ಲೆಯ ಮೇಲೆ ಎರಡು ಫೋನ್ ಸಂಖ್ಯೆಗಳಿರಲಿ, ಒಂದು ಮನೆಯಲ್ಲಿ ಸದಾ ಇರುವವರದಾಗಿರಲಿ. "ಸಾಕಿದ ಬೆಕ್ಕು" ಎಂದು ಕನ್ನಡದಲ್ಲಿ ಬರೆಸಿ. ಬೆಕ್ಕಿನ ಹೆಸರು ಬೇಕಿಲ್ಲ, ಜಾಗ ಹಾಳು. ರೇಬಿಸ್ ಲಸಿಕೆ ಹಾಕಿಸಿದ್ದರೆ ಆ ವರ್ಷವನ್ನು ಖಂಡಿತ ಹಾಕಿಸಿ, ಪ್ರತಿವರ್ಷ ಬದಲಿಸಿ. ಕಾರಣವಿಷ್ಟೆ: ಬೆಕ್ಕು ಯಾರದೋ ಮಗುವಿಗೆ ಪರಚಿದರೆ ಅಥವಾ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಲೇಬೇಕು, ಆದರೆ ಕಚ್ಚಿದ ಬೆಕ್ಕನ್ನು 10 ದಿನ ಕಣ್ಣಿಟ್ಟು ನೋಡಲು ಸಿಕ್ಕರೆ ಮುಂದಿನ ಚಿಕಿತ್ಸೆಯ ತೀರ್ಮಾನ ವೈದ್ಯರಿಗೆ ಸುಲಭವಾಗುತ್ತದೆ. ಯಾರ ಬೆಕ್ಕೆಂದೇ ಗೊತ್ತಿಲ್ಲದಿದ್ದರೆ ಆ ಹತ್ತು ದಿನ ಅದನ್ನು ನೋಡುವವರು ಯಾರು? ನನ್ನ ಮಟ್ಟಿಗೆ ಬಿಲ್ಲೆ ಕಟ್ಟಲು ಇದೊಂದೇ ಕಾರಣ ಸಾಕು.

ಮಳೆಗಾಲಕ್ಕೆ ಚರ್ಮದ ಪಟ್ಟಿ ಬೇಡ, ಬೂಷ್ಟು ಹಿಡಿದು ಹಲಗೆಯಾಗುತ್ತದೆ. ನೈಲಾನಿನದು ಬೇಗ ಒಣಗುತ್ತದೆ. ಎರಡು ಇಟ್ಟುಕೊಂಡು ಒದ್ದೆಯಾದುದನ್ನು ಬದಲಿಸುತ್ತಿರಿ, ಇಲ್ಲವಾದರೆ ಪಟ್ಟಿಯಡಿಯ ಕೂದಲು ಉದುರಿ ಚರ್ಮ ಕೆಂಪಾಗುತ್ತದೆ. ಬಿಲ್ಲೆಯನ್ನು ಪಟ್ಟಿಗೆ ಸೇರಿಸುವ ಬಳೆ ಕಬ್ಬಿಣದ್ದಾದರೆ ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಲ್ಲೆಯನ್ನು ಕಳೆದುಬಿಡುತ್ತದೆ, ಸ್ಟೀಲಿನದನ್ನೇ ಕೇಳಿ.

ಕಡೆಯದಾಗಿ ಒಂದು ಎಚ್ಚರಿಕೆ, ಇದು ಘಟ್ಟದ ಮೇಲಿನವರಿಗೆ ಹೆಚ್ಚು ಅನ್ವಯಿಸುತ್ತದೆ. ಮಂಗನ ಕಾಯಿಲೆಯ ಭಯದಿಂದ ನಮ್ಮ ಜಿಲ್ಲೆಯವರು ಉಣುಗು ಎಂದರೆ ಬೆಚ್ಚುತ್ತಾರೆ, ಅದು ಸಹಜವೇ. ಆ ಗಾಬರಿಯಲ್ಲಿ ನಾಯಿಗೆಂದು ಮಾರುವ ಉಣುಗಿನ ಔಷಧದ ಪಟ್ಟಿಯನ್ನು ತಂದು ಬೆಕ್ಕಿಗೆ ಕಟ್ಟಬೇಡಿ. ನಾಯಿಯ ಔಷಧಗಳಲ್ಲಿ ಹಲವಕ್ಕೆ ಸೇರಿಸುವ ಪರ್ಮೆಥ್ರಿನ್ ಎಂಬುದನ್ನು ಕರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಬಹಳ ಕಡಿಮೆ. ಜೊಲ್ಲು ಸುರಿದು, ನಡುಕ ಹುಟ್ಟಿ, ಫಿಟ್ಸ್ ಬಂದು ಬೆಕ್ಕು ಸಾಯಲೂಬಹುದು.

ಬಂದರಿನ ಬೆಕ್ಕುಗಳ ಪರವಾಗಿ, ಬೈತಖೋಲ

ವೈದ್ಯರು ಬೆಕ್ಕು ಸಾಕಿದವರ ಕಡೆಯಿಂದ ಬರೆದಿದ್ದಾರೆ. ನಾನು ಬೆಕ್ಕು ಸಿಕ್ಕಿದವರ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಬಂದರಿನ ಆಸುಪಾಸಿನ ಇಪ್ಪತ್ತಕ್ಕೂ ಹೆಚ್ಚು ಬೆಕ್ಕುಗಳಿಗೆ ನಾನೂ ನನ್ನ ಅಕ್ಕನೂ ಅನ್ನ ಹಾಕುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲವಾದ್ದರಿಂದ ಆ ಎರಡು ತಿಂಗಳು ದಕ್ಕೆಯಲ್ಲಿ ಮೀನಿನ ಚೂರೂ ಸಿಗದೆ ಈ ಬೆಕ್ಕುಗಳೆಲ್ಲ ಓಣಿಗಳಿಗೆ ಚದುರುತ್ತವೆ, ಮನೆಬೆಕ್ಕುಗಳೊಡನೆ ಬೆರೆಯುತ್ತವೆ. ಕೋಡಿಬಾಗದ ಅಕ್ಕನ ಬೆಕ್ಕು ಜುಲೈಯಲ್ಲಿಯೇ ಚೀಲ ಸೇರಿದ್ದು ನನಗೆ ಆಶ್ಚರ್ಯ ತರಲಿಲ್ಲ. ಅಡುಗೆಮನೆಗಳ ಮೇಲೆ ದಾಳಿ ಹೆಚ್ಚುವ ತಿಂಗಳು ಅದು, ಜನರ ಸಿಟ್ಟೂ ಆಗಲೇ ಹೆಚ್ಚು.

ಹೊಸ ಬೆಕ್ಕೊಂದು ಬಂದಾಗ ನಾನು ಮೊದಲು ಕಿವಿ ನೋಡುತ್ತೇನೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿಬೆಕ್ಕಿನ ಒಂದು ಕಿವಿಯ ತುದಿಯನ್ನು ಗುರುತಿಗಾಗಿ ನೇರವಾಗಿ ಕತ್ತರಿಸಿರುತ್ತಾರೆ. ಕಿವಿ ಪೂರ್ತಿಯಿದ್ದು, ಮೈ ನಯವಾಗಿದ್ದು, ಮನುಷ್ಯರ ಕಾಲಿಗೆ ಉಜ್ಜಿಕೊಳ್ಳುವ ಬೆಕ್ಕಾದರೆ ಯಾರೋ ಸಾಕಿದ್ದೇ ಇರಬೇಕೆಂದು ಊಹೆ. ಆದರೆ ಊಹೆಗೆ ಫೋನ್ ಮಾಡಲು ಬರುವುದಿಲ್ಲ. ಅಂಥ ಬೆಕ್ಕಿನ ಕೊರಳಿಗೆ ನಾವು ನೋಟ್‌ಬುಕ್ಕಿನ ಹಾಳೆಯ ಸಣ್ಣ ಪಟ್ಟಿಯೊಂದನ್ನು ಸುತ್ತಿ ತುದಿಗೆ ಮಾತ್ರ ಅಂಟಿಸಿ, "ಈ ಬೆಕ್ಕು ನಿಮ್ಮದೇ? ದಯವಿಟ್ಟು ಕರೆ ಮಾಡಿ" ಎಂದು ಬರೆದು ಕಳಿಸುತ್ತೇವೆ. ಕಾಗದ ಎಳೆದರೆ ಹರಿಯುವುದರಿಂದ ಅಪಾಯವಿಲ್ಲ. ಒಮ್ಮೆ ಹೀಗೆ ಕಳಿಸಿದ ಕೆಂಚುಬೆಕ್ಕೊಂದು ಮರುದಿನ ಅದೇ ಕಾಗದದ ಹಿಂಬದಿಯಲ್ಲಿ "ನಮ್ಮದೇ, ನಿಮ್ಮಲ್ಲಿಯೂ ಊಟ ಮಾಡುತ್ತಿದೆಯೇ?" ಎಂಬ ಉತ್ತರ ಹೊತ್ತು ಬಂದಿತ್ತು. ಬೆಕ್ಕು ಮರಿ ಹಾಕಿದರೆ ಏಳು ಮನೆ ತಿರುಗುತ್ತದೆ ಎನ್ನುತ್ತಾರೆ. ಮರಿ ಹಾಕದಿದ್ದರೂ ಮೂರು ಮನೆ ಅದಕ್ಕಿದ್ದೇ ಇರುತ್ತದೆ.

ಕಳೆದುಹೋದ ಬೆಕ್ಕನ್ನು ಜನ ಬಹಳ ದೂರ ಹುಡುಕುತ್ತಾರೆ. ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸಿಕ್ಕ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮನೆಯಿಂದ 500 ಮೀಟರಿನೊಳಗೇ ಇದ್ದವು. ಅಂದರೆ ನಿಮ್ಮ ಬಿಲ್ಲೆಯನ್ನು ಓದುವವರು ಹೆಚ್ಚಿನ ಪಾಲು ನೀವು ದಿನವೂ ಮುಖ ನೋಡುವವರೇ. ಈಗ ಕೆಲವರು ಪಟ್ಟಿಗೆ ಏರ್‌ಟ್ಯಾಗ್ ಎಂಬ, ಇರುವ ಜಾಗವನ್ನು ಫೋನಿಗೆ ತಿಳಿಸುವ ಪುಟ್ಟ ಸಾಧನವನ್ನು ಸಿಕ್ಕಿಸುತ್ತಾರೆ. ಅದು ಹತ್ತಿರದಲ್ಲಿ ಯಾರದಾದರೂ ಆ್ಯಪಲ್ ಫೋನ್ ಇದ್ದರೆ ಮಾತ್ರ ತಾನಿರುವ ಜಾಗ ತಿಳಿಸಬಲ್ಲದು, ಬೈತಖೋಲದ ದಕ್ಕೆಯಲ್ಲಿ ಅಷ್ಟು ಆ್ಯಪಲ್ ಫೋನುಗಳನ್ನು ನಾನಂತೂ ಕಂಡಿಲ್ಲ.

ಗಂಟೆಯ ವಿಷಯದಲ್ಲಿ ತೋಟದಮನೆಯವರಿಗೆ ನನ್ನ ಅರ್ಧ ಒಪ್ಪಿಗೆಯಿದೆ. ಬ್ರಿಟನ್ನಿನಲ್ಲಿ ಹಕ್ಕಿಗಳ ಸಂರಕ್ಷಣೆಯವರು ನಡೆಸಿದ ಪ್ರಯೋಗದಲ್ಲಿ ಗಂಟೆ ಕಟ್ಟಿದ ಬೆಕ್ಕುಗಳು ಹಿಡಿದು ತಂದ ಹಕ್ಕಿಗಳು ಶೇಕಡಾ 41ರಷ್ಟು, ಇಲಿಯಂಥ ಪ್ರಾಣಿಗಳು ಶೇಕಡಾ 34ರಷ್ಟು ಕಡಿಮೆಯಾಗಿದ್ದವು. ಅಡಿಕೆ ಅಟ್ಟದಲ್ಲಿಡುವವರಿಗೆ ಅದು ನಷ್ಟ, ಅಂಗಳದ ಪಿಕಳಾರಕ್ಕೆ ಲಾಭ.

ತೋಟದಮನೆ, ಶಿರಸಿ

ವೈದ್ಯರ ವಿವರಣೆ ಓದಿದ ಮೇಲೆ ಮಾಡಿನ ಮೂಲೆಯಲ್ಲಿ ಬಿದ್ದಿದ್ದ ಆ ಹಳೆಯ ಕೆಂಪು ಬೆಲ್ಟನ್ನು ಹುಡುಕಿ ಎಳೆದು ನೋಡಿದೆ. ಇಲಾಸ್ಟಿಕ್ ನನ್ನ ಮುಷ್ಟಿ ಒಳಗೆ ಹೋಗುವಷ್ಟು ಹಿಗ್ಗಿತು, ಕೀಲು ಮಾತ್ರ ಕದಲಲಿಲ್ಲ. ತಪ್ಪು ಬೆಲ್ಟಿನದೆಂದು ಒಪ್ಪಿದೆ. ಆದರೆ ಇಲಿ ಹಿಡಿಯಬೇಕಾದ ಬೆಕ್ಕಿನ ಕೊರಳಲ್ಲಿ ಏನೂ ಕಿಣಿಕಿಣಿ ಎನ್ನಬಾರದೆಂಬ ನನ್ನ ಹಟ ಉಳಿದಿದೆ. ತೂಗುವ ಬಿಲ್ಲೆ ಇಲ್ಲದೆ ಸಂಖ್ಯೆ ಹಾಕುವ ಉಪಾಯವೇನಾದರೂ ಇದೆಯೇ?

ನಿವೃತ್ತ ಪಶುವೈದ್ಯ, ಕುಮಟಾ

ಇದೆ. ಬಟ್ಟೆಗೆ ಗುರುತು ಹಾಕುವ, ಅಳಿಯದ ಶಾಯಿಯ ಪೆನ್ನಿನಿಂದ ನೈಲಾನ್ ಪಟ್ಟಿಯ ಮೇಲೆಯೇ ಸಂಖ್ಯೆ ಬರೆಯಿರಿ, ಅಥವಾ ಕಸೂತಿಯಲ್ಲಿ ಹೊಲಿಸಿ. ಶಾಯಿ ಮಾಸುತ್ತದೆ, ಆದ್ದರಿಂದ ಎರಡು ತಿಂಗಳಿಗೊಮ್ಮೆ ತಿದ್ದಬೇಕು. ಬಣ್ಣ ಎದ್ದು ಕಾಣುವಂಥದ್ದಿರಲಿ. ಮುಸ್ಸಂಜೆಯಲ್ಲಿ ಕೋವಿ ಹಿಡಿದವನಿಗೂ ಅದು ಕಾಡುಬೆಕ್ಕಲ್ಲ, ಮನೆಬೆಕ್ಕು ಎಂದು ತಿಳಿಯಲಿ.

ಕೋಡಿಬಾಗದಾಕೆ, ಕಾರವಾರ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಎಲ್ಲರಿಗೂ ಧನ್ಯವಾದಗಳು. ಪೇಟೆಯಲ್ಲಿ ಸಿಕ್ಕ ಮೊದಲ ಪಟ್ಟಿ ವೈದ್ಯರು ಹೇಳಿದ ಪರೀಕ್ಷೆಯಲ್ಲಿ ಸೋತಿತು. ನಾನು ಎಳೆಯುವುದನ್ನು ನೋಡಿ ಅಂಗಡಿಯವರು ನಕ್ಕರು, ಹಣ ಮಾತ್ರ ಹಿಂದಿರುಗಿಸಿದರು. ಎರಡನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಆಯಿಗೆ ನನ್ನ ಕೈಯ ಎಳೆತದ ಮೇಲೆ ನಂಬಿಕೆ ಬರಲಿಲ್ಲ. ಪಟ್ಟಿಯನ್ನು ಕಿಟಕಿಯ ಸರಳಿಗೆ ಸುತ್ತಿ ಕೀಲು ಹಾಕಿ, ಅದಕ್ಕೆ ಒಂದು ಕಿಲೋ ಅಕ್ಕಿಯ ಚೀಲ ತೂಗುಹಾಕಿದರು, ಬಿಚ್ಚಲಿಲ್ಲ. ಶೆಟ್ಲಿಯ ತೂಕ ಮೂರು ಕಿಲೋ ಎಂದು ನೆನಪು ಮಾಡಿಕೊಂಡು ಮತ್ತೆರಡು ಕಿಲೋ ಸೇರಿಸಿದರು. ಚೀಲ ದಪ್ಪೆಂದು ನೆಲಕ್ಕೆ ಬಿದ್ದು ಅಕ್ಕಿ ಚೆಲ್ಲಾಪಿಲ್ಲಿಯಾಯಿತು. ಅಕ್ಕಿ ಆರಿಸುತ್ತ ಒಪ್ಪಿಗೆ ಕೊಟ್ಟರು.

ವಾಹನದ ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ ಸ್ಟೀಲಿನ ಬಿಲ್ಲೆ ಕೆತ್ತಿಸಿದೆವು. ಮುಂದೆ ಎರಡು ಸಂಖ್ಯೆ, ಹಿಂದೆ "ಸಾಕಿದ ಬೆಕ್ಕು" ಮತ್ತು ಲಸಿಕೆಯ ವರ್ಷ. ಹೆಸರು ಬೇಡವೆಂದು ವೈದ್ಯರು ಹೇಳಿದ್ದರೂ ಆಯಿ ಹಟ ಹಿಡಿದು ಅದನ್ನೂ ಸೇರಿಸಿದರು. ಮೊದಲ ದಿನ ಶೆಟ್ಲಿ ಹಿಂದೆ ಹಿಂದೆ ನಡೆದು ಗೋಡೆಗೆ ಹಾಯ್ದು, ನೆಲಕ್ಕಂಟಿಕೊಂಡು ಮಲಗಿತು. ಎರಡನೆಯ ದಿನ ಕೆರೆದುಕೊಂಡಿತು. ನಾಲ್ಕನೆಯ ದಿನಕ್ಕೆ ಮರೆತಿತು. ಈ ನಡುವೆ ಒಂದು ಪಟ್ಟಿ ಹಿತ್ತಿಲ ಬೇಲಿಯ ತಂತಿಯಲ್ಲಿ, ಕೀಲು ಬಿಚ್ಚಿದ ಸ್ಥಿತಿಯಲ್ಲಿ ನೇತಾಡುತ್ತಿದ್ದುದು ಸಿಕ್ಕಿತು. ಅದನ್ನು ನೋಡಿ ಆಯಿ ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ತಾವೇ ತೊಳೆದು ಒಣಗಿಸಿದರು.

ಮೊನ್ನೆ ಮಧ್ಯಾಹ್ನ ಅಪರಿಚಿತ ಸಂಖ್ಯೆಯಿಂದ ಕರೆ ಬಂತು. ಧ್ವನಿ ಆ ಮೂರು ಓಣಿ ಆಚೆಯ ಹಿರಿಯರದು: "ನಿಮ್ಮ ಶೆಟ್ಲಿ ನಮ್ಮ ಬಂಗುಡೆಯ ಬುಟ್ಟಿಯ ಮುಂದೆ ಕೂತಿದೆ. ಬಂದು ಕರೆದೊಯ್ಯುತ್ತೀರೋ, ಒಂದು ತುಂಡು ಹಾಕಲೋ?" ದಯವಿಟ್ಟು ಹಾಕಬೇಡಿ, ರೂಢಿಯಾಗುತ್ತದೆ, ಈಗಲೇ ಬಂದೆ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ನಾನು ತಲುಪುವಷ್ಟರಲ್ಲಿ ಹಾಕಿಯಾಗಿತ್ತು.